ಸೋತ ಬೆರಳಿಗೂ ಚೀಟಿ ಬೇಕು

ಸಿರುಗುಪ್ಪದ ಕಡೆ ಭತ್ತದ ನಾಟಿ ಮುಗಿಯುವ ಹೊತ್ತಿಗೆ ಕೂಲಿ ಹೆಣ್ಣುಮಕ್ಕಳ ಬೆರಳ ತುದಿ ನುಣ್ಣಗಾಗಿರುತ್ತದೆ. ದಿನವಿಡೀ ಕೆಸರು, ನೀರು, ಗೊಬ್ಬರ. ಗೆರೆ ಉಳಿಯುವುದಾದರೂ ಹೇಗೆ? ನ್ಯಾಯಬೆಲೆ ಅಂಗಡಿಯ ಮುಂದೆ ಆಗ ಕೇಳುವ ಮಾತು, ‘ಥಂಬ್ ಬರವಲ್ದು.’ ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸುವವರು, ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೆ ರಾಸಾಯನಿಕ ಹಾಕಿ ತೊಳೆಯುವವರು, ಎಲ್ಲರಿಗೂ ಈ ಚಿಂತೆ ಇದ್ದದ್ದೇ.

ನಮ್ಮ ಚಿಕ್ಕಮ್ಮನ ಜೊತೆ ಒಮ್ಮೆ ಸಾಲಿನಲ್ಲಿ ನಿಂತಿದ್ದೆ. ಆಧಾರ್ ಜೊತೆ ಬೆರಳಚ್ಚು ತಾಳೆ ನೋಡುವ ಯಂತ್ರದ ಮೇಲೆ, ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಆಗಲಿಲ್ಲ. ಎಡಗೈ ಕೊಟ್ಟಳು, ಕೊಬ್ಬರಿ ಎಣ್ಣೆ ಸವರಿ ಮತ್ತೆ ಒತ್ತಿದಳು. ‘ನಾಳೆ ಬಾರಮ್ಮ’ ಎಂದರು. ಒಂದು ದಿನದ ಕೂಲಿ ಹೋಯಿತು. ಅವಳ ಹಿಂದಿದ್ದವಳಿಗೆ ತಾರೀಖು, ಕಿಲೋ ಎಲ್ಲ ಅಚ್ಚಾದ ಚೀಟಿ ಸಿಕ್ಕಿತು. ಚಿಕ್ಕಮ್ಮ ಅಂಗಡಿಗೆ ಬಂದಿದ್ದಳು, ಬರಿಗೈಲಿ ಹೋದಳು ಎನ್ನುವುದಕ್ಕೆ ಅವಳ ಕೈಯಲ್ಲಿ ತುಂಡು ಕಾಗದವೂ ಇರಲಿಲ್ಲ.

ಇಂಥ ಗುರುತಿನ ಮಾತು ದೊಡ್ಡ ಸಭೆಗಳಲ್ಲೂ ನಡೆದಿದೆ. 2018ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಗಿರಿಧಾಮ ದಾವೋಸ್‌ನಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸಭೆ ನಡೆದಾಗ, ಜನರಿಗೆ ಒಳಿತಾಗುವ ಡಿಜಿಟಲ್ ಗುರುತಿಗಾಗಿ ಕೂಡಿ ದುಡಿಯೋಣವೆಂದು ಸರ್ಕಾರ, ಕಂಪನಿ, ಸಂಸ್ಥೆಗಳವರು ಒಪ್ಪಿಕೊಂಡರು. ಅಂಥ ಸಭೆಗಳು ಬೇಕು, ನಡೆಯಲಿ. ಆದರೆ ಅಲ್ಲಿ ಯಂತ್ರ ಒಪ್ಪಿದವರ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಒಪ್ಪದೆ ವಾಪಸಾದವರ ಪರವಾಗಿ ಮೇಜಿನ ಮೇಲೆ ಇಡಲು ಏನಿದೆ?

ಅದೇ ವರ್ಷ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆಧಾರ್ ತೀರ್ಪು ಕೊಟ್ಟಿತು. ದಾವೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಹುಮತ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿಯಿತು. ಮನುಷ್ಯನ ಘನತೆ, ಹಕ್ಕುಗಳನ್ನು ಗಣಕದ ಅಂದಾಜಿಗೆ ಒಪ್ಪಿಸಲಾಗದು ಎಂದು ನ್ಯಾ. ಡಿ.ವೈ. ಚಂದ್ರಚೂಡ್ ಭಿನ್ನಮತ ಬರೆದರು. ನಾನು ಆ ಭಿನ್ನಮತದ ಕಡೆಯವನು. ಬಹುಮತದ ತೀರ್ಪನ್ನೇ ಒಪ್ಪಿ ನಡೆದರೂ ಮಾಡಬೇಕಾದ ಕೆಲಸವೊಂದು ಬಾಕಿ ಇದೆ.

ಬೆರಳು ತಾಳೆಯಾಗದಿದ್ದರೂ ಪಡಿತರ ನಿಲ್ಲಿಸಬಾರದೆಂದು ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ ಧಾನ್ಯ ಸಿಗದವರಿಗೆ ಭತ್ಯೆ ಕೊಡಬೇಕು. ಕೇಳುವುದು ಹೇಗೆ? ದೂರು ಹಿಡಿದು ಹೋದರೆ ‘ಪುರಾವೆ ಏನು’ ಎನ್ನುತ್ತಾರೆ. ಪುರಾವೆ ಯಂತ್ರದಲ್ಲೇ ಇದೆ. ಬೆರಳಚ್ಚು ಹೊಂದದಿದ್ದರೆ ಆಧಾರ್ ವ್ಯವಸ್ಥೆ 300 ಎಂಬ ಸಂಕೇತ ಸಂಖ್ಯೆ ಕಳಿಸುತ್ತದೆ. ಅಕ್ಕಿ ಕೊಟ್ಟಾಗ ಚೀಟಿ ಅಚ್ಚು ಹಾಕುವ ಯಂತ್ರ, ಕೊಡದಿದ್ದಾಗಲೂ ತಾರೀಖು, ಸಮಯ, ಕಾರಣ ಬರೆದು ಚೀಟಿ ಕೊಡಲಿ. ಅದರ ಕೆಳಗೆ ದೂರು ಕೊಡಬೇಕಾದ ಅಧಿಕಾರಿಯ ಫೋನ್ ನಂಬರ್ ಕನ್ನಡದಲ್ಲಿರಲಿ. ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಆಹಾರ ಇಲಾಖೆ ಮನಸ್ಸು ಮಾಡಿದರೆ ಸಾಕು. ಯಾವ ಅಂಗಡಿಯಲ್ಲಿ ಎಷ್ಟು ಮಂದಿ ಹಾಗೆ ವಾಪಸಾದರು ಎಂಬ ಲೆಕ್ಕ ತಿಂಗಳು ತಿಂಗಳು ಅಲ್ಲಿನ ಜಾಗೃತಿ ಸಮಿತಿಯ ಮುಂದೆ ಬರಲಿ. ಹೆಸರು ಬೇಡ, ಸಂಖ್ಯೆ ಸಾಕು.