ಹೆಸರು ನಿಜ, ಪೆಟ್ಟು ಸುಳ್ಳು

ಕಾರು ಕಂಪನಿಗಳು ತಮ್ಮ ಕಾರಿನ ಹೆಸರನ್ನು ಬಾಡಿಗೆಗೆ ಕೊಡುತ್ತವೆ ಎಂಬ ಸಂಗತಿ ನಮ್ಮಲ್ಲಿ ಅನೇಕ ತಾಯಂದಿರಿಗೆ ಗೊತ್ತಿಲ್ಲ. ಕಾರನ್ನಲ್ಲ, ಬರೀ ಹೆಸರನ್ನು. ಮಕ್ಕಳು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಟೀವಿಗೆ ಜೋಡಿಸುವ ಆ ಕರಿ ಪೆಟ್ಟಿಗೆಯಲ್ಲೋ ಆಡುವ ರೇಸಿನ ಆಟಗಳಲ್ಲಿ ಫೆರಾರಿ, ಪೋರ್ಷೆ, ನಿಸಾನ್ ಎಂದು ಹೆಸರು ಹೊತ್ತು ಓಡುವ ಕಾರುಗಳಿವೆಯಲ್ಲ, ಅವು ಅಲ್ಲಿಗೆ ಬಂದದ್ದು ಕರಾರಿನ ಮೇಲೆ. ಆ ಕರಾರಿನ ಬಗ್ಗೆ ನನ್ನದೊಂದು ತಕರಾರಿದೆ.

ಬಾಡದಲ್ಲಿ ಕುಳಿತ ಮಾಸ್ತರಿಣಿಗೆ ಫೆರಾರಿಯ ಚಿಂತೆ ಯಾಕೆ ಎಂದು ನೀವು ನಗಬಹುದು. ನಗಿ. ನಮ್ಮೂರ ರಸ್ತೆಯಲ್ಲಿ ಕುಮಟಾದಿಂದ ಬರುವ ಬಸ್ಸಿಗೆ ಎದುರಾಗಿ ಮೀನಿನ ಟೆಂಪೋ ಬಂದರೆ ಇಬ್ಬರಲ್ಲೊಬ್ಬರು ಬದಿಗೆ ಸರಿದು ನಿಲ್ಲಬೇಕು. ಫೆರಾರಿ ಇಲ್ಲಿಗೆ ಬಂದರೆ ಮೊದಲ ಹೊಂಡದಲ್ಲೇ ಅದರ ಹೊಟ್ಟೆ ತಾಗೀತು. ಆದರೆ ನನ್ನ ಎಂಟನೆಯ ಈಯತ್ತೆಯ ಹುಡುಗರನ್ನು ಕೇಳಿ ನೋಡಿ. ಅಘನಾಶಿನಿ ಎಲ್ಲಿ ಹುಟ್ಟುತ್ತದೆ ಎಂದರೆ ಮಾಡು ನೋಡುವವರು, ಯಾವ ಕಾರು ಎಷ್ಟು ಸೆಕೆಂಡಿಗೆ ನೂರು ಕಿಲೋಮೀಟರು ವೇಗ ಹಿಡಿಯುತ್ತದೆ ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಒಬ್ಬನಂತೂ ನನಗೆ ತಿಳಿಸಿಯೇ ಹೇಳಿದ: “ಅಕ್ಕೋರೇ, ಇದು ಖರೇ ಕಾರು. ಹೆಸರು ನೋಡಿ, ಖರೇದೇ ಹೆಸರು.”

“ಗೋಡೆಗೆ ಗುದ್ದಿದ್ರೆ ಎಂತ ಆಗ್ತದೋ?”

“ಎಂತದೂ ಆಗೂದಿಲ್ಲ. ಚೂರು ಗೀರು ಬೀಳ್ತದೆ. ಮತ್ತೆ ಓಡ್ತದೆ.”

ಹೆಸರಿಗೆ ಒಡೆಯ ಇರುತ್ತಾನೆ ಎಂಬುದು ನಮಗೇನೂ ಹೊಸ ಮಾತಲ್ಲ. ಕೆಎಸ್‌ಆರ್‌ಟಿಸಿ ಎಂಬ ಐದಕ್ಷರಕ್ಕಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕೇರಳದ ಸಾರಿಗೆ ನಿಗಮ 1965ರದ್ದು; ನಮ್ಮದು ಮೈಸೂರು ಹೋಗಿ ಕರ್ನಾಟಕವಾದ 1973ರಿಂದ ಆ ಅಕ್ಷರಗಳನ್ನು ಹೊತ್ತು ಓಡುತ್ತಿದೆ. 2013ರಲ್ಲಿ ನಮ್ಮವರು ಆ ಹೆಸರನ್ನೂ ಗಂಡಭೇರುಂಡದ ಗುರುತನ್ನೂ ನೋಂದಾಯಿಸಿಕೊಂಡರು, ಕೇರಳದವರು ತಕರಾರು ಎತ್ತಿದರು, 2021ರಲ್ಲಿ ಹೆಸರು ತಮಗೇ ಸಿಕ್ಕಿತೆಂದು ಅವರು ಸಾರಿದರು, ಇಲ್ಲವೆಂದು ನಮ್ಮವರು ಅಂದರು. ಕೊನೆಗೆ 2023ರ ಡಿಸೆಂಬರಿನಲ್ಲಿ ಮದ್ರಾಸು ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. (ನಮ್ಮೂರಿಗೆ ಬರುವ ಬಸ್ಸು 1997ರಿಂದೀಚೆಗೆ ವಾಯವ್ಯ ಸಾರಿಗೆಯದ್ದು. ಆ ಹೆಸರಿನ ತಂಟೆಗೆ ಯಾರೂ ಬಂದಿಲ್ಲ.) ಒಂದು ಸರಕಾರಿ ಬಸ್ಸಿನ ಹೆಸರಿಗೇ ಇಷ್ಟು ಬೆಲೆಯಾದರೆ ಫೆರಾರಿಯ ಕುದುರೆಗೆ ಎಷ್ಟಿರಬೇಕು, ಲೆಕ್ಕ ಹಾಕಿ.

ಆಟ ತಯಾರಿಸುವವರು ಕಾರಿನ ಹೆಸರು, ಲಾಂಛನ, ಮೈಕಟ್ಟು ಬಳಸಲು ಕಂಪನಿಯ ಒಪ್ಪಿಗೆ ಪಡೆಯಬೇಕು. ಸಾಮಾನ್ಯವಾಗಿ ಹಣ ಕೊಡಬೇಕು, ವರ್ಷದ ಗಡುವಿಗೆ ಒಪ್ಪಬೇಕು, ತೆರೆಯ ಮೇಲೆ ಕಾರು ಹೇಗೆ ಕಾಣುತ್ತದೆಂದು ಕಂಪನಿಗೆ ತೋರಿಸಿ ಸೈ ಅನ್ನಿಸಿಕೊಳ್ಳಬೇಕು. ಪೋರ್ಷೆಯ ಹೆಸರನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಕಂಪನಿ ತನ್ನೊಬ್ಬಳಿಗೇ ಎಂದು ಗುತ್ತಿಗೆ ಹಿಡಿದು 2016ರ ಕೊನೆಯವರೆಗೂ ಇಟ್ಟುಕೊಂಡಿತ್ತು. ಅಲ್ಲಿಯವರೆಗೆ ಬೇರೆ ಆಟಗಳವರು ಪೋರ್ಷೆಯ ಮೈಯನ್ನೇ ತಿದ್ದಿ ಮಾರುವ ರೂಫ್ ಎಂಬ ಜರ್ಮನಿಯ ಸಣ್ಣ ಕಾರ್ಖಾನೆಯ ಹೆಸರಿನಲ್ಲಿ ಕಾರು ಓಡಿಸಿ ಸಮಾಧಾನಪಟ್ಟುಕೊಂಡರು. ಗಡುವು ಮುಗಿದರೆ ಆಟವೇ ಅಂಗಡಿಯಿಂದ ಇಳಿಯುತ್ತದೆ. 2018ರಲ್ಲಿ ಬಂದ ಫೋರ್ಜಾ ಹೊರೈಜನ್ 4 ಎಂಬುದು ಪರವಾನಗಿ ತೀರಿತೆಂದು 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದ ಮರೆಯಾಯಿತು. ದ ಕ್ರೂ ಎಂಬ ಇನ್ನೊಂದನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿಯೇ ಬಿಟ್ಟರು. ಸರ್ವರಿನ ತೊಂದರೆಯ ಜೊತೆಗೆ ಪರವಾನಗಿಯ ಕಾರಣವನ್ನೂ ಹೇಳಿದರು. ಹಣ ಕೊಟ್ಟು ಕೊಂಡವರೂ ಅದನ್ನು ಮತ್ತೆ ಆಡಲಾಗಲಿಲ್ಲ. ಅದು ಗ್ರಾಹಕರ ಜಗಳ, ಅವರು ನೋಡಿಕೊಳ್ಳಲಿ. ನನ್ನ ಜಗಳ ಬೇರೆ.

ಈ ಕರಾರುಗಳಲ್ಲಿ ಮೇಲಿಂದ ಮೇಲೆ ಕಾಣುವ ಷರತ್ತು ಒಂದಿದೆ: ನಮ್ಮ ಕಾರು ಕೆಟ್ಟದಾಗಿ ಜಜ್ಜಿಹೋದದ್ದನ್ನು ತೋರಿಸಕೂಡದು. ಪಲ್ಟಿಯಾಗಿ ಮಾಡು ಕುಸಿದದ್ದನ್ನು ತೋರಿಸಕೂಡದು. ನಮ್ಮ ಕಾರಿನಿಂದ ಮನುಷ್ಯರಿಗೆ ಗುದ್ದಿಸಕೂಡದು. ವ್ಯಾಪಾರಸ್ಥನ ದೃಷ್ಟಿಯಿಂದ ಇದು ಸರಿಯೇ. ಪ್ರೆಷರ್ ಕುಕ್ಕರಿನ ಜಾಹೀರಾತಿನಲ್ಲಿ ಕುಕ್ಕರು ಸಿಡಿಯುವುದನ್ನು ಯಾರಾದರೂ ತೋರಿಸುತ್ತಾರೆಯೇ? ಆದರೆ ಜಾಹೀರಾತನ್ನು ನಾವು ಜಾಹೀರಾತೆಂದು ತಿಳಿದೇ ನೋಡುತ್ತೇವೆ. ಈ ಆಟಗಳು ತಮ್ಮನ್ನು ಸಿಮ್ಯುಲೇಶನ್ ಎಂದು ಕರೆದುಕೊಳ್ಳುತ್ತವೆ, ಅಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಅನುಕರಣೆ. 1997ರಲ್ಲಿ ಜಪಾನಿನಲ್ಲಿ ಗ್ರ್ಯಾನ್ ಟುರಿಸ್ಮೊ ಬಂದಾಗ ಅದರಲ್ಲಿ ಸುಮಾರು 140 ಕಾರುಗಳಿದ್ದವು. ಯಾವ ಕಾರು ತಿರುವಿನಲ್ಲಿ ಹೇಗೆ ವಾಲುತ್ತದೆ, ಬ್ರೇಕು ಒತ್ತಿದರೆ ಭಾರ ಹೇಗೆ ಮುಂದೆ ಬರುತ್ತದೆ ಎಂಬುದನ್ನೆಲ್ಲ ಲೆಕ್ಕ ಕಟ್ಟಿ ಮಾಡಿದ ಆಟವದು. ಗೋಡೆಗೆ ಗುದ್ದಿದರೆ ಮಾತ್ರ ಒಂದು ತಗ್ಗೂ ಬೀಳುತ್ತಿರಲಿಲ್ಲ. ಆಗಿನ ಯಂತ್ರಗಳಿಗೆ ಅಷ್ಟು ಶಕ್ತಿಯೂ ಇರಲಿಲ್ಲ ಎನ್ನಿ. 2010ರಲ್ಲಿ ಐದನೆಯ ಗ್ರ್ಯಾನ್ ಟುರಿಸ್ಮೊ ಬಂದ ಮೇಲೆ ಸ್ವಲ್ಪ ನಜ್ಜುಗುಜ್ಜು ಕಾಣಿಸಿತು. ಎಲ್ಲ ಕಂಪನಿಗಳೂ ಒಂದೇ ಬಗೆಯಲ್ಲ ಎಂಬುದನ್ನೂ ಹೇಳಬೇಕು. ಕೆಲವು ಆಟಗಳಲ್ಲಿ ಬಾನೆಟ್ಟು ಏಳುತ್ತದೆ, ಬಂಪರು ಕಳಚಿ ಬೀಳುತ್ತದೆ. ಒಳಗೆ ಕೂತವನಿಗೆ ಏನಾಯಿತೆಂದು ತೋರಿಸಿದ ಪರವಾನಗಿಯ ಆಟವನ್ನು ಮಾತ್ರ ನಾನು ಕಾಣೆ.

ಇದರ ತಿರುಗುಮುರುಗು ಇನ್ನೂ ಸೋಜಿಗ. ಕಾರು ಗುದ್ದಿದರೆ ಕಬ್ಬಿಣ ಹೇಗೆ ಮಡಚುತ್ತದೆ, ಚಾಸಿ ಹೇಗೆ ತಿರುಚುತ್ತದೆ, ಬಾಗಿಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವ ಆಟವೊಂದಿದೆ, ಬೀಮ್‌ಎನ್‌ಜಿ ಎಂದು ಅದರ ಹೆಸರು. ಅದರ ಕಾರುಗಳಿಗೆಲ್ಲ ಕಲ್ಪನೆಯ ಹೆಸರು! ಅಪಘಾತವನ್ನೇ ಬಂಡವಾಳ ಮಾಡಿಕೊಂಡಿದ್ದ ಬರ್ನ್‌ಔಟ್ ಎಂಬ ಹಳೆಯ ಆಟದಲ್ಲೂ, ಹುಡುಗರು ಜಿಟಿಎ ಎಂದು ಪಿಸುಗುಟ್ಟುವ ಆ ಪುಂಡಾಟಿಕೆಯ ಆಟದಲ್ಲೂ ಕಾರುಗಳ ಹೆಸರು ಕಟ್ಟಿದ್ದೇ. ಪೆಟ್ಟು ನಿಜವಾದಲ್ಲಿ ಹೆಸರು ಸುಳ್ಳು, ಹೆಸರು ನಿಜವಾದಲ್ಲಿ ಪೆಟ್ಟು ಸುಳ್ಳು. ಎರಡೂ ಒಟ್ಟಿಗೆ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದರಲ್ಲಿ ಕಂಪನಿಗಳ ವಕೀಲರು ಬಲು ಜಾಣರು.

“ಆಟದಲ್ಲಿ ಏನಿರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ” ಎಂದು ಕಾರಿನವರು ಹೇಳುವ ಹಾಗಿಲ್ಲ. 2019ರಲ್ಲಿ ನೀಡ್ ಫಾರ್ ಸ್ಪೀಡ್ ಎಂಬ ಆಟದ ಹೊಸ ಕಂತು ಬರುವುದಿತ್ತು. ಟೊಯೋಟಾ ಕಾರು ಅದರಲ್ಲಿ ಯಾಕಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಇಂಗ್ಲೆಂಡಿನ ಟೊಯೋಟಾದವರು, ನಮ್ಮ ಕಾರು ಗ್ರ್ಯಾನ್ ಟುರಿಸ್ಮೊದಲ್ಲಿದೆ, ಅದು ಕಾನೂನು ಮೀರಿದ ಬೀದಿ ರೇಸಿಗೆ ಉತ್ತೇಜನ ಕೊಡುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆಮೇಲೆ ಆ ಮಾತನ್ನು ಅಳಿಸಿಯೂ ಹಾಕಿದರು. ಅಳಿಸಿದರೇನು, ಹೇಳಿದ್ದು ಹೇಳಿದ್ದೇ. ಆ ಉತ್ತರ ನನಗೆ ಮೆಚ್ಚಿಗೆಯಾಯಿತು. ಹೆಸರಿನ ಒಡೆಯ ಮನಸ್ಸು ಮಾಡಿದರೆ ಬೀದಿ ರೇಸು ಬೇಡ ಅನ್ನಬಲ್ಲ. ಗೀರು ಬೇಡ ಅನ್ನುವ ಅಧಿಕಾರ ಇದ್ದವನಿಗೆ, ಪೆಟ್ಟನ್ನು ಪೆಟ್ಟಿನ ಹಾಗೆ ತೋರಿಸು ಅನ್ನುವ ಅಧಿಕಾರವೂ ಇರಬೇಕಲ್ಲ?

ಆಟ ಬೇರೆ, ರಸ್ತೆ ಬೇರೆ, ಮಕ್ಕಳಿಗೆ ಅಷ್ಟು ತಿಳಿಯದೇ ಎನ್ನುವವರಿದ್ದಾರೆ. ಬೇರೆ ಅಲ್ಲ ಎಂದು ಹೇಳಿಕೊಂಡದ್ದು ನಾನಲ್ಲ, ಅವರೇ. ನಿಸಾನ್ ಮತ್ತು ಸೋನಿ ಕಂಪನಿಗಳು ಕೂಡಿ 2008ರಲ್ಲಿ ಜಿಟಿ ಅಕಾಡೆಮಿ ಎಂಬ ಸ್ಪರ್ಧೆ ತೆರೆದವು. ಮನೆಯಲ್ಲಿ ಕೂತು ಗ್ರ್ಯಾನ್ ಟುರಿಸ್ಮೊ ಆಡಿ ಗೆದ್ದವನನ್ನು ತಂದು ನಿಜವಾದ ರೇಸು ಕಾರಿನಲ್ಲಿ ಕೂರಿಸುವುದು. 2011ರಲ್ಲಿ ಹಾಗೆ ಗೆದ್ದು ಬಂದ ಬ್ರಿಟನ್ನಿನ ಹುಡುಗ ಯಾನ್ ಮಾರ್ಡನ್‌ಬರೊ. ಒಳ್ಳೆಯ ಚಾಲಕನೇ, 2013ರಲ್ಲಿ ಲೆ ಮಾನ್ಸ್‌ನ 24 ಗಂಟೆಯ ಓಟದಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಪಡೆಯಿತು. 2015ರ ಮಾರ್ಚಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಅವನ ನಿಸಾನ್ ಕಾರು ಏರಿನ ನೆತ್ತಿಯಲ್ಲಿ ಗಾಳಿಗೆ ಎದ್ದು ಬೇಲಿ ದಾಟಿ ಬಿತ್ತು. ನೋಡಲು ಬಂದವರೊಬ್ಬರು ಸತ್ತರು. ಅದರಲ್ಲಿ ಆ ಹುಡುಗನದು ತಪ್ಪೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ಇದೇ ಕತೆ ಸಿನಿಮಾ ಆಯಿತಲ್ಲ, ಅದರಲ್ಲಿ ಮಾಡಿದ ಕೆಲಸ ನೋಡಿ: 2015ರ ಸಾವನ್ನು ಎಳೆದು ತಂದು 2013ರ ಗೆಲುವಿಗಿಂತ ಮೊದಲು ಕೂರಿಸಿದರು. ನಾಯಕ ಕುಗ್ಗಿ ಮತ್ತೆ ಎದ್ದು ನಿಲ್ಲಲು ಒಂದು ಕಾರಣ ಬೇಕಿತ್ತು, ಆ ಸಾವನ್ನೇ ಮೆಟ್ಟಿಲು ಮಾಡಿಕೊಂಡರು. ಯಾರದೋ ಮನೆಯ ಮನುಷ್ಯ ಅದು.

ನಮ್ಮ ದೇಶದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷ 1,68,491 ಜನ ಸತ್ತರೆಂಬುದು ಕೇಂದ್ರ ಸರಕಾರದ ಲೆಕ್ಕ. ಬದುಕುಳಿದು ಮನೆಗೆ ಬಂದವರ ಕಷ್ಟ ಆ ಲೆಕ್ಕದಲ್ಲಿಲ್ಲ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಪಿಯುಸಿಗೆ ಹೋಗುತ್ತಿದ್ದಾಗ ಸೋದರಮಾವನ ಬೈಕು ತೆಗೆದುಕೊಂಡು ಹೆದ್ದಾರಿಗೆ ಹೋದ. ತೊಡೆಗೆ ಸರಳು ಹಾಕಿಸಿಕೊಂಡು ಎಂಟು ತಿಂಗಳು ಮಲಗಿದ. ಅವನಿಗೆ ಬೈಕಿನ ಹುಚ್ಚು ಆಟದಿಂದ ಹತ್ತಿತೋ ಸಿನಿಮಾದಿಂದಲೋ ಗೆಳೆಯರಿಂದಲೋ ದೇವರಿಗೇ ಗೊತ್ತು. ಆಟದ ಮೇಲೆ ಆ ಪಾಪವನ್ನು ನಾನು ಹೊರಿಸುವುದಿಲ್ಲ. ಆದರೆ ನೋಡಲು ಹೋದಾಗ ಅವನ ಅಮ್ಮ ಹೇಳಿದ ಮಾತು ನನ್ನ ಕಿವಿಯಲ್ಲಿದೆ. “ಅಂವಂಗೆ ಗಾಡಿ ಬಿಡೂದು ಬರ್ತಿತ್ತು ಅಕ್ಕೋರೇ. ಬಿದ್ರೆ ಎಂತ ಆಗ್ತದೆ ಹೇಳಿ ಗೊತ್ತಿರ್ಲಿಲ್ಲ.” ಮಗನಿಗೆ ಬೆಡ್‌ಪ್ಯಾನು ಕೊಟ್ಟು, ಗಂಜಿ ಕುಡಿಸಿ, ಮಧ್ಯೆ ಹೊಲಿಗೆ ಮಿಷನ್ನು ತುಳಿಯುತ್ತ ಆ ಎಂಟು ತಿಂಗಳನ್ನು ಕಳೆದವಳು ಆಕೆ. ಹೊಲಿಗೆಯ ದುಡ್ಡೂ ಸಾಲದೆ ಕೈಬಳೆ ಸೊಸಾಯಿಟಿಗೆ ಹೋಯಿತು.

ಕಾನೂನಿಗಂತೂ ಆಟದ ಪಾಠ ಗೊತ್ತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೂ ಗಾಡಿಯ ಒಡೆಯರಿಗೂ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ವರ್ಷಕಾಲ ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸಿಲ್ಲ. ಅಂದರೆ ನಿಜದ ರಸ್ತೆಯ ಲೆಕ್ಕವೆಲ್ಲ ಮನೆಯವರ ತಲೆಗೆ. ಕಾರಿನ ಹೆಸರು ಮಾತ್ರ ಗೀರಿಲ್ಲದೆ ಥಳಥಳ.

ನಾನು ಆಟವನ್ನು ನಿಲ್ಲಿಸಿ ಎನ್ನುವವಳಲ್ಲ. ನಾವೂ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆದವರೇ. ಅದಕ್ಕೆ ಕುಮಟಾ–ಶಿರಸಿ ಬಸ್ಸು ಎಂದು ಹೆಸರಿಟ್ಟಿದ್ದೆವು. ಪರವಾನಗಿ ಕೇಳಲು ಯಾವ ನಿಗಮದವರೂ ಬರಲಿಲ್ಲ. ಹಾಳೆ ಮಗುಚಿದರೆ ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು, ಮೇಲಿಂದ ಅಮ್ಮನ ಬೈಗುಳ. ಈಗಲೂ ನನ್ನ ಶಾಲೆಯ ಹುಡುಗನೊಬ್ಬ ಇಂಡೋನೇಷ್ಯಾದವರು ಮಾಡಿದ ಬಸ್ಸಿನ ಆಟದಲ್ಲಿ ಬಸ್ಸಿಗೆ ತಾನೇ ಬಣ್ಣ ಬಳಿದು ‘ಕುಮಟಾ–ಬಾಡ’ ಎಂದು ಬೋರ್ಡು ಬರೆದಿದ್ದಾನೆ. ನಿಲ್ದಾಣದಲ್ಲಿ ನಿಲ್ಲಿಸಿ, ಜನ ಹತ್ತಿಸಿಕೊಂಡು ಹೋಗುತ್ತಾನೆ. ನನಗದು ನೋಡಲು ಖುಷಿಯೇ.

ಕಾರು ಕೊಳ್ಳುವಾಗ ಸಾಲದ ಕಾಗದಕ್ಕೆ ಈಗ ಹೆಂಗಸರೂ ಸಹಿ ಹಾಕುತ್ತೇವೆ. ಶೋರೂಮಿನಲ್ಲಿ ಕೂರಿಸಿ ತಂಪು ಪಾನೀಯ ಕೊಟ್ಟು, ಏರ್‌ಬ್ಯಾಗು ಎಷ್ಟು, ಗುದ್ದಿದರೆ ಎಷ್ಟು ತಾಳುತ್ತದೆ, ಎಷ್ಟು ನಕ್ಷತ್ರ ಬಂದಿದೆ ಎಂದು ಆ ಹುಡುಗರು ವಿವರಿಸುತ್ತಾರೆ. ನಮಗೆ ಮಾರುವಾಗ ಅಪಘಾತದ ಮಾತು ಬಾಯ್ತುಂಬ ಬರುತ್ತದೆ, ನಮ್ಮ ಮಕ್ಕಳಿಗೆ ಅದೇ ಹೆಸರನ್ನು ತೋರಿಸುವಾಗ ಅಪಘಾತವೇ ಇಲ್ಲ. ಇದನ್ನು ಅಲ್ಲೇ, ಆ ಕುರ್ಚಿಯಲ್ಲೇ ಕೇಳಿ. ಮ್ಯಾನೇಜರನಿಗೆ ಉತ್ತರ ಗೊತ್ತಿರಲಾರದು. ಮೇಲಿನವರಿಗೆ ಬರೆದು ಕೇಳಲಿ, ಉತ್ತರ ಬರುವ ತನಕ ನಿಮ್ಮ ಪೆನ್ನು ಪರ್ಸಿನಲ್ಲೇ ಇರಲಿ.