ಎರಡನೆಯ ಶಸ್ತ್ರಚಿಕಿತ್ಸೆಯ ಎದುರಿನಲ್ಲಿ

ಕಳೆದ ತಿಂಗಳ ಸಂಚಿಕೆ ಕೈಸೇರಿದ ಬಳಿಕ ಒಬ್ಬ ತಾಯಿಯವರು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರವನ್ನು ಬರೆದಿದ್ದಾರೆ. ಅವರ ಯಜಮಾನರಿಗೆ ಮೂರು ವರ್ಷಗಳ ಹಿಂದೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು. ಗುಣಮುಖರಾಗಿ ಹೊಲ, ಮನೆ, ಮದುವೆ, ಜಾತ್ರೆ ಎಂದು ಎಲ್ಲೆಡೆ ಓಡಾಡಿಕೊಂಡಿದ್ದರು. ಈಗ ಅದೇ ನೋವು ಮರಳಿದೆ. ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಅವಶ್ಯವೆಂದು ವೈದ್ಯರು ಹೇಳಿದ್ದಾರೆ. “ಮೊದಲ ಸಲ ನಗುನಗುತ್ತ ಆಸ್ಪತ್ರೆಗೆ ಹೋದವರು ಈಗ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ. ಊಟಕ್ಕೆ ಕರೆದರೂ ಮಾತಿಲ್ಲ. ನಾನು ಏನು ಹೇಳಲಿ, ಗುರುಗಳೇ?” ಎಂಬುದು ಆ ತಾಯಿಯ ಪ್ರಶ್ನೆ.

ಗ್ರಂಥಗಳನ್ನು ತಿರುವಿ ಧೈರ್ಯದ ಮಾತುಗಳನ್ನು ಆಯ್ದು ಬರೆಯುವುದು ನನಗೆ ಕಷ್ಟವಲ್ಲ. ಆದರೆ ಈ ವಿಷಯದಲ್ಲಿ ಹಾಗೆ ಮಾಡಿದರೆ ಅಪ್ರಾಮಾಣಿಕತೆಯಾದೀತು. ಏಕೆಂದರೆ ನಾನೂ ಅದೇ ರೀತಿ ಗೋಡೆಯನ್ನು ನೋಡುತ್ತ ಮಲಗಿದ್ದವನು.

ಬಾಲ್ಯದಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದು, ನೆಲದ ಮೇಲೆ ಕುಳಿತೇ ಓದಿ, ಬರೆದು, ಪಾಠ ಹೇಳಿದ ದೇಹ ನನ್ನದು. 2018ರಲ್ಲಿ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಬೆಂಕಿಯ ಎಳೆಯಂತೆ ನೋವು ಇಳಿಯತೊಡಗಿತು. ಔಷಧ, ವಿಶ್ರಾಂತಿ, ವ್ಯಾಯಾಮಗಳಿಂದ ಫಲ ಕಾಣದಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ನೋವು ಹೋಯಿತು. ಮುಂದಿನ ದಿನಗಳಲ್ಲಿ ಭೇಟಿಯಾದವರಿಗೆಲ್ಲ ‘ಅಂಜಬೇಡಿ’ ಎಂದು ಉಪದೇಶ ಮಾಡಿದೆ. 2022ರಲ್ಲಿ ಒಂದು ದಿನ ಪುಸ್ತಕದ ಪೆಟ್ಟಿಗೆಯೊಂದನ್ನು ಬಾಗಿ ಎತ್ತಿದೆ. ಎರಡು ದಿನಗಳಲ್ಲಿ ಆ ಬೆಂಕಿಯ ಎಳೆ ಅದೇ ದಾರಿಯಲ್ಲಿ ಇಳಿದು ಬಂತು. ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು ವೈದ್ಯರು “ಮತ್ತೊಮ್ಮೆ ಮಾಡಬೇಕಾಗುತ್ತದೆ” ಎಂದರು.

ಮೊದಲ ಶಸ್ತ್ರಚಿಕಿತ್ಸೆಗೂ ಎರಡನೆಯದಕ್ಕೂ ಮನಸ್ಸಿನ ದೃಷ್ಟಿಯಿಂದ ಬಹಳ ಅಂತರವಿದೆ. ಮೊದಲನೆಯದಕ್ಕೆ ಹೋಗುವವನ ಮುಂದೆ ಭಯವಿದ್ದರೂ ಜೊತೆಗೆ ಭರವಸೆ ಇರುತ್ತದೆ. ಎರಡನೆಯದಕ್ಕೆ ಹೋಗುವವನಿಗೆ ಎಲ್ಲವೂ ಗೊತ್ತಿರುತ್ತದೆ. ಅರಿವಳಿಕೆಯಿಂದ ಎಚ್ಚರವಾದಾಗಿನ ಬಾಯಾರಿಕೆ, ಮೊದಲ ರಾತ್ರಿ ಮಗ್ಗುಲು ಬದಲಿಸುವಾಗಿನ ಸಂಕಟ, ಶೌಚಾಲಯಕ್ಕೂ ಮತ್ತೊಬ್ಬರ ತೋಳು ಹಿಡಿದು ಹೋಗಬೇಕಾದ ಸಂಕೋಚ, ಇವೆಲ್ಲ ನೆನಪಿನಲ್ಲಿವೆ. ಇಷ್ಟೆಲ್ಲ ಅನುಭವಿಸಿಯೂ ಉಳಿಯಲಿಲ್ಲವಲ್ಲ ಎಂಬ ಹತಾಶೆ ಒಂದು ಕಡೆ. ಪೆಟ್ಟಿಗೆ ಎತ್ತಿದ್ದು ನಾನೇ ಅಲ್ಲವೇ ಎಂಬ ಅಪರಾಧಿಪ್ರಜ್ಞೆ ಇನ್ನೊಂದು ಕಡೆ. ಮಕ್ಕಳಿಗೆ ಮತ್ತೆ ಖರ್ಚು, ಮನೆಯವರಿಗೆ ಮತ್ತೆ ಸೇವೆ ಎಂಬ ನಾಚಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

ನಾನು ಮೂರು ದಿನ ಮಾತನಾಡಲಿಲ್ಲ. ಬಂದವರು ಕೇಳಿದರೆ “ಎಲ್ಲವೂ ಶಿವನ ಇಚ್ಛೆ, ಸಮಾಧಾನದಿಂದ ಇದ್ದೇನೆ” ಎನ್ನುತ್ತಿದ್ದೆ. ನಾಲ್ಕನೆಯ ದಿನ ನನ್ನ ಧರ್ಮಪತ್ನಿ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, “ಸಿಟ್ಟು ಬಂದಿದ್ರ ಸಿಟ್ಟು ಬಂದೈತಿ ಅನ್ರಿ. ಅಂಜಿಕಿ ಆಗಿದ್ರ ಅಂಜಿಕಿ ಆಗೈತಿ ಅನ್ರಿ. ಸುಮ್ನ ಮಲಗಿ ಅದಕ್ಕ ಸಮಾಧಾನ ಅಂತ ಹೆಸರಿಡಬ್ಯಾಡ್ರಿ” ಎಂದಳು. ನಲವತ್ತು ವರ್ಷ ಸಮಚಿತ್ತದ ಮೇಲೆ ಪ್ರವಚನ ಹೇಳಿದ ನನಗೆ ಆ ಮಾತು ನಾಟಿತು. ಅಂದು ನಾನು ಅತ್ತೆ. ಅತ್ತ ಮೇಲೆಯೇ ನನ್ನ ರೋಗದ ಬಗ್ಗೆ ಯೋಚಿಸುವುದು ಸಾಧ್ಯವಾಯಿತು.

ಆದ್ದರಿಂದ ಪತ್ರ ಬರೆದ ತಾಯಿಯವರಿಗೆ ನನ್ನ ಮೊದಲ ಮಾತು ಇಷ್ಟೇ: ನಿಮ್ಮ ಯಜಮಾನರಿಗೆ ಕೂಡಲೇ ಧೈರ್ಯ ಹೇಳಲು ಹೋಗಬೇಡಿ. ದುಃಖಿಸಲು ಅವರಿಗೆ ಅವಕಾಶ ಕೊಡಿ. ಮನೆಯ ಯಜಮಾನನಾದವನು ಅಳಬಾರದೆಂಬ ಕಟ್ಟುಪಾಡು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಎರಡನೆಯದಾಗಿ, ತಪ್ಪಿತಸ್ಥನೆಂಬ ಭಾವನೆಯನ್ನು ಕಳೆಯಬೇಕು. ಅದಕ್ಕೆ ದೇಹದ ರಚನೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ನಮ್ಮ ಬೆನ್ನುಮೂಳೆಯಲ್ಲಿ ಚಲಿಸಬಲ್ಲ ಮಣಿಗಳು 24. ಅವುಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಮೆತ್ತೆಯ ಹೊರಭಾಗ ಗಟ್ಟಿಯಾದ ಉಂಗುರ, ಒಳಗೆ ಮೃದುವಾದ ತಿರುಳು. ಉಂಗುರ ಬಿರಿದು ತಿರುಳು ಹೊರಚಾಚಿ ನರವನ್ನು ಒತ್ತಿದಾಗ ಕಾಲಿಗೆ ನೋವು ಇಳಿಯುತ್ತದೆ. ಈ ಸಂಬಂಧವನ್ನು ಅಮೆರಿಕದ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಸ್ಪಷ್ಟವಾಗಿ ಪ್ರಕಟಿಸಿದ ನಂತರವೇ ಈ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. ಇದರಲ್ಲಿ ಸಾಮಾನ್ಯವಾಗಿ ನರವನ್ನು ಒತ್ತುತ್ತಿರುವ ತುಣುಕನ್ನು ಮಾತ್ರ ತೆಗೆಯುತ್ತಾರೆ. ಉಳಿದ ಮೆತ್ತೆ ಅಲ್ಲಿಯೇ ಇರುತ್ತದೆ. ಬಿರಿದ ಜಾಗ ಮಾಯುತ್ತದೆ, ಆದರೆ ಹುಟ್ಟಿನಿಂದ ಬಂದ ಬಲ ಅದಕ್ಕೆ ಮರಳುವುದಿಲ್ಲ. ಆದ್ದರಿಂದ ನೂರರಲ್ಲಿ ಸುಮಾರು 5ರಿಂದ 15 ಮಂದಿಗೆ ಅದೇ ಜಾಗದಲ್ಲಿ ತಿರುಳು ಮತ್ತೆ ಹೊರಬರುತ್ತದೆ. ಮಣಿಗಳನ್ನು ಬೆಸೆಯುವ ಬೇರೊಂದು ಬಗೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಬೆಸುಗೆಯ ಮೇಲಿನ ಅಥವಾ ಕೆಳಗಿನ ಮಣಿಗಳ ಮೇಲೆ ಭಾರ ಹೆಚ್ಚಿ ಕಾಲಾನಂತರ ಅಲ್ಲಿ ಸವೆತ ಉಂಟಾಗಬಹುದು.

ನನ್ನ ವೈದ್ಯರು ಹೇಳಿದ್ದೂ ಇದನ್ನೇ: “ಪೆಟ್ಟಿಗೆ ಒಂದು ನೆಪ. ಸೀನಿದ್ದರೂ ಆಗಬಹುದಿತ್ತು.” ಮೊದಲ ಶಸ್ತ್ರಚಿಕಿತ್ಸೆ ನನಗೆ ನಾಲ್ಕು ವರ್ಷಗಳ ನಡಿಗೆಯನ್ನು ಕೊಟ್ಟಿತ್ತು. ಅದನ್ನು ವ್ಯರ್ಥವೆನ್ನುವುದು ನ್ಯಾಯವಲ್ಲ.

ಶಬ್ದಗಳೊಡನೆ ಬದುಕಿದವನಾದ್ದರಿಂದ ಇಲ್ಲಿ ಒಂದು ಶಬ್ದದ ವಿಷಯ ಹೇಳಬೇಕು. ಶಸ್ತ್ರಚಿಕಿತ್ಸೆಯ ನಂತರವೂ ಉಳಿಯುವ ಅಥವಾ ಮರಳುವ ಬೆನ್ನುನೋವಿಗೆ ವೈದ್ಯಶಾಸ್ತ್ರದಲ್ಲಿ ದಶಕಗಳಿಂದ ‘ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್’ ಎಂಬ ಹೆಸರಿತ್ತು. ಕಾಗದದ ಮೇಲೆ ಆ ‘ಫೇಲ್’ ಎಂಬುದನ್ನು ಓದಿದ ರೋಗಿ ತಾನೇ ಅನುತ್ತೀರ್ಣನಾದೆನೆಂದು ಕುಗ್ಗುತ್ತಾನೆ. 2021ರಲ್ಲಿ ನೋವಿನ ತಜ್ಞರ ಒಂದು ತಂಡ ಈ ಹೆಸರನ್ನು ಬಿಟ್ಟು ‘ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್’, ಅಂದರೆ ಬಿಡದೆ ಉಳಿದ ಬೆನ್ನುನೋವು, ಎಂದು ಕರೆಯಬೇಕೆಂದು ಸೂಚಿಸಿತು. ವೈದ್ಯರೇ ಆ ಶಬ್ದವನ್ನು ಕೈಬಿಡುತ್ತಿರುವಾಗ ಮನೆಯಲ್ಲಿ ನಾವು ‘ಆಪರೇಷನ್ ಫೇಲ್ ಆಯಿತು’ ಎಂದು ಬಂದವರಿಗೆಲ್ಲ ಹೇಳುವುದನ್ನು ನಿಲ್ಲಿಸಬೇಕು.

ಮೂರನೆಯದಾಗಿ, ದುಃಖವನ್ನೂ ನಿರ್ಧಾರವನ್ನೂ ಬೇರೆಬೇರೆಯಾಗಿ ಇಡಬೇಕು. ಹತಾಶೆಯಲ್ಲಿ ‘ಏನೂ ಬೇಡ, ಹೀಗೆಯೇ ಇರುತ್ತೇನೆ’ ಎನ್ನುವುದೂ, ನೋವಿನ ಆತುರದಲ್ಲಿ ‘ನಾಳೆಯೇ ಮಾಡಿಬಿಡಿ’ ಎನ್ನುವುದೂ ಎರಡೂ ತರವಲ್ಲ. ಬಹುಪಾಲು ಸಂದರ್ಭಗಳಲ್ಲಿ ಯೋಚಿಸಲು, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಕಾಲಾವಕಾಶ ಇರುತ್ತದೆ. ಆದರೆ ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಗಳ ಸಂದು ಮತ್ತು ಗುಹ್ಯಭಾಗ ಜೋಮು ಹಿಡಿದರೆ, ಪಾದ ಎತ್ತಲಾಗದಂತೆ ಕಾಲಿನ ಬಲ ಕುಗ್ಗುತ್ತಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಇದನ್ನು ಮನೆಯವರೆಲ್ಲರೂ ನೆನಪಿಡಬೇಕು.

ವೈದ್ಯರ ಬಳಿಗೆ ಹೋಗುವ ಮೊದಲು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ನೋವು ಮರಳಲು ನಿಶ್ಚಿತವಾದ ಕಾರಣ ಚಿತ್ರದಲ್ಲಿ ಕಾಣುತ್ತಿದೆಯೇ? ಶಸ್ತ್ರಚಿಕಿತ್ಸೆ ಇಲ್ಲದೆ ಇನ್ನು ಕೆಲವು ವಾರ ಪ್ರಯತ್ನಿಸಬಹುದೇ? ಕಾಲಿನ ನೋವು ಎಷ್ಟು ತಗ್ಗೀತು, ಸೊಂಟದ ನೋವು ಎಷ್ಟು ಉಳಿದೀತು? ಹಳೆಯ ಗಾಯದ ಕಲೆಯಂತಹ ಅಂಗಾಂಶ ನರಕ್ಕೆ ಅಂಟಿಕೊಂಡಿರುವುದರಿಂದ ಎರಡನೆಯ ಸಲದ ಕೆಲಸ ಸ್ವಲ್ಪ ಕಠಿಣ. ನರಗಳನ್ನು ಸುತ್ತಿದ ಪೊರೆ ಹರಿಯುವ ಸಂಭವವೂ ಹೆಚ್ಚು. ಆ ಅಪಾಯ ಎಷ್ಟೆಂದು ಸಂಕೋಚವಿಲ್ಲದೆ ಕೇಳಿ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಬಿಡಿಸಿ. ಹೊಗೆಯ ಸೇವನೆಯಿಂದ ಮೂಳೆಯ ಬೆಸುಗೆ ಕೂಡುವುದು ತಡವಾಗುತ್ತದೆ. ಉತ್ತರಗಳನ್ನು ಕೇಳಲು ಮನೆಯ ಒಬ್ಬರು ಜೊತೆಯಲ್ಲಿರಲಿ, ಏಕೆಂದರೆ ಅಂಜಿದವನ ಕಿವಿಗೆ ಅರ್ಧ ಮಾತು ಮಾತ್ರ ಬೀಳುತ್ತದೆ.

ಮನಸ್ಸಿನ ಸ್ಥಿತಿಯನ್ನೂ ವೈದ್ಯರಿಗೆ ತಿಳಿಸಬೇಕು. ತೀವ್ರವಾದ ಖಿನ್ನತೆಯಲ್ಲಿರುವವರಿಗೆ ಶಸ್ತ್ರಚಿಕಿತ್ಸೆಯ ಫಲ ಕಡಿಮೆಯಾಗಿ ಕಾಣುತ್ತದೆ ಎಂಬುದು ಅಧ್ಯಯನಗಳಿಂದ ತಿಳಿದ ವಿಷಯ. ಎರಡು ವಾರ ಕಳೆದರೂ ನಿದ್ರೆ, ಆಹಾರ, ಮಾತು ಮರಳದಿದ್ದರೆ ಮನೋವೈದ್ಯರ ನೆರವು ಪಡೆಯುವುದರಲ್ಲಿ ಅವಮಾನವೇನಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ‘ಬದುಕು ಬೇಡ’ ಎಂಬ ಮಾತು ರೋಗಿಯ ಬಾಯಿಂದ ಬಂದರೆ ಎರಡು ವಾರ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ಸಂಗತಿಯನ್ನು ನಾನು ಆ ದಿನಗಳಲ್ಲಿ ಓದಿದೆ. 1944ರಿಂದ 1957ರ ನಡುವೆ ಅವರ ಬೆನ್ನಿಗೆ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು. 1954ರ ಅಕ್ಟೋಬರ್‌ನಲ್ಲಿ ಲೋಹದ ಫಲಕವಿಟ್ಟು ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗಲಿ, ಪಾದ್ರಿಗಳು ಬಂದು ಅಂತಿಮ ವಿಧಿಯನ್ನು ನೆರವೇರಿಸುವ ಸ್ಥಿತಿ ಬಂದಿತ್ತು. 1955ರ ಫೆಬ್ರವರಿಯಲ್ಲಿ ಆ ಫಲಕವನ್ನು ತೆಗೆಯಲು ಮತ್ತೆ ಬೆನ್ನನ್ನು ತೆರೆಯಬೇಕಾಯಿತು. ಹಾಸಿಗೆ ಹಿಡಿದಿದ್ದ ಆ ತಿಂಗಳುಗಳಲ್ಲಿಯೇ ಸಹಾಯಕರ ನೆರವಿನೊಂದಿಗೆ ಅವರು ‘ಪ್ರೊಫೈಲ್ಸ್ ಇನ್ ಕರೇಜ್’ ಪುಸ್ತಕವನ್ನು ಸಿದ್ಧಪಡಿಸಿದರು. ನೋವು ಮಾತ್ರ ಅವರನ್ನು ಪೂರ್ತಿಯಾಗಿ ಬಿಡಲಿಲ್ಲ. 1961ರ ಕೊನೆಯಲ್ಲಿ ಕ್ರಮಬದ್ಧ ವ್ಯಾಯಾಮ ಆರಂಭಿಸಿದ ಮೇಲೆ ಸಾಕಷ್ಟು ಸುಧಾರಣೆ ಕಂಡರು. ಒಂದು ವಿಷಯದಲ್ಲಿ ಅವರನ್ನು ಅನುಸರಿಸಬಾರದು. ಜನರ ಕಣ್ಣಿಗೆ ಬೀಳದಂತೆ ಅವರು ಊರುಗೋಲುಗಳನ್ನು ಬಚ್ಚಿಡುತ್ತಿದ್ದರು. ರಾಜಕಾರಣಿಗೆ ಅದು ಅನಿವಾರ್ಯವಾಗಿತ್ತೇನೋ; ಸಂಸಾರದಲ್ಲಿರುವ ನಮಗೆ ಅಂತಹ ಅವಶ್ಯಕತೆ ಇಲ್ಲ.

ನಾನೂ ಒಂದನ್ನು ಬಚ್ಚಿಟ್ಟಿದ್ದೆ. ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಲಾಗದೆ, ಅದನ್ನು ಹೇಳಲು ನಾಚಿ, ಬಾಗಿಲು ಮುಚ್ಚಿಕೊಂಡು ಗೋಡೆಗೆ ಒರಗಿ ನೋವಿನಲ್ಲಿ ಹಲ್ಲು ಕಚ್ಚಿ ಕುಳಿತುಕೊಳ್ಳುತ್ತಿದ್ದೆ. ನನಗೆ ಪಾಠ ಹೇಳಿದ ಮಠದ ಹಿರಿಯ ಶ್ರೀಗಳಿಗೆ ಇದು ತಿಳಿದು, “ಅಂಗೈ ಇದೆಯಲ್ಲ, ಕುರ್ಚಿಯ ಮೇಲೆ ಕುಳಿತುಕೊಳ್ಳಿ” ಎಂದಷ್ಟೇ ಅಪ್ಪಣೆ ಕೊಡಿಸಿದರು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಕಾಯಕದ ವಿಷಯವೂ ಹಾಗೆಯೇ. ಹೊಲಕ್ಕೆ ಹೋಗಲಾಗದವರು ಮನೆಯ ಲೆಕ್ಕ ನೋಡಬಹುದು, ಮಕ್ಕಳಿಗೆ ಪಾಠ ಹೇಳಬಹುದು, ಕಾಳು ಹಸನು ಮಾಡಬಹುದು. ರೋಗಿಗೆ ದಿನಕ್ಕೆ ಒಂದಾದರೂ ಕೆಲಸ ಮನೆಯಲ್ಲಿ ಇರಲೇಬೇಕು. ‘ನೀವು ಸುಮ್ಮನೆ ಮಲಗಿ’ ಎಂಬ ಮಾತು ಪ್ರೀತಿಯದಾದರೂ ಕೇಳುವವನನ್ನು ಕುಗ್ಗಿಸುತ್ತದೆ.

ನೋಡಲು ಬರುವ ಬಂಧುಗಳಲ್ಲಿ ಒಂದು ವಿನಂತಿ. ‘ಬೆನ್ನಿಗೆ ಕತ್ತಿ ಹಾಕಿಸಬೇಡಿ ಎಂದು ಮೊದಲೇ ಹೇಳಿದ್ದೆ’, ‘ನಮ್ಮ ಊರಿನಲ್ಲಿ ಒಬ್ಬರು ಹೀಗೆಯೇ ಹಾಸಿಗೆ ಹಿಡಿದರು’, ‘ಯಾವ ಜನ್ಮದ ಕರ್ಮವೋ’ ಎಂಬ ಮಾತುಗಳನ್ನು ಮನೆಯ ಹೊರಗೇ ಬಿಟ್ಟು ಬನ್ನಿ. ಹಣ್ಣು ತರುವುದರ ಬದಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿದ್ದು, ಆ ಮನೆಯ ತಾಯಿಗೆ ನಿದ್ರೆ ಮಾಡಲು ಬಿಡಿ. ರೋಗಿಯ ಕ್ಷೇಮವನ್ನು ಎಲ್ಲರೂ ಕೇಳುತ್ತಾರೆ; ಸೇವೆ ಮಾಡುವವಳು ಉಂಡಳೇ ಎಂದು ಕೇಳುವವರು ಕಡಿಮೆ.

2022ರಲ್ಲಿಯೇ ನನ್ನ ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಕಾಲಿನ ಉರಿ ಹೋಯಿತು. ಎಡಪಾದದ ಕಿರುಬೆರಳಿನ ಜೋಮು ಇನ್ನೂ ಇದೆ, ಅದು ಉಳಿಯುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಅರ್ಧ ಗಂಟೆಗಿಂತ ಹೆಚ್ಚು ಕುಳಿತರೆ ಸೊಂಟ ಹಿಡಿಯುತ್ತದೆ. ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಮತ್ತೆ ಕುಳಿತುಕೊಳ್ಳುತ್ತೇನೆ. ಮೂರನೆಯ ಬಾರಿ ಬರಲಾರದೆಂದು ಯಾರೂ ಭರವಸೆ ಕೊಟ್ಟಿಲ್ಲ. ಆ ಭಯ ರಾತ್ರಿಯ ಹೊತ್ತು ಕೆಲವೊಮ್ಮೆ ಬರುತ್ತದೆ. ಬಂದಾಗ ಅದನ್ನು ಸಮಾಧಾನವೆಂದು ಕರೆಯದೆ ಮನೆಯವಳಿಗೆ ಹೇಳಿಬಿಡುತ್ತೇನೆ.

ತಾಯಿ, ಇಂದು ಸಂಜೆ ನಿಮ್ಮ ಯಜಮಾನರ ಹಾಸಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಏನನ್ನೂ ಬೋಧಿಸಬೇಡಿ. ‘ನನಗೂ ಅಂಜಿಕೆಯಾಗಿದೆ’ ಎಂದು ಹೇಳಿ ನೋಡಿ. ಅವರು ಗೋಡೆಯಿಂದ ಈ ಕಡೆಗೆ ತಿರುಗಿದರೆ ಪ್ರಶ್ನೆಗಳ ಕಾಗದವನ್ನು ಇಬ್ಬರೂ ಕೂಡಿ ಬರೆಯಲು ಆರಂಭಿಸಿ. ಅವರು ಬಯಸಿದರೆ ನನಗೂ ಪತ್ರ ಬರೆಯಲಿ, ಉತ್ತರ ಬರೆಯುತ್ತೇನೆ.

ಶರಣು ಶರಣಾರ್ಥಿ.