ಮದುವೆಯ ಮನೆಯೂ ಯಂತ್ರದ ಕೊರಳೂ

ಮದುವೆಯ ಮನೆಯಲ್ಲಿ ಗದ್ದಲವೇ ಇರಕೂಡದೆಂದು ವಾದಿಸುವಷ್ಟು ಅರಸಿಕನು ನಾನಲ್ಲ. ಗದ್ದಲವಿಲ್ಲದ ಮದುವೆ ಉಪ್ಪಿಲ್ಲದ ಊಟವೇ ಸರಿ. ಆದರೆ ನಮ್ಮ ಶಿವಮೊಗ್ಗೆ, ಭದ್ರಾವತಿಗಳ ಕಲ್ಯಾಣಮಂದಿರಗಳಲ್ಲಿ ಈಗ ಡಿ.ಜೆ. ಎಂಬ ಹೆಸರಿನಿಂದ ನಡೆಯುತ್ತಿರುವ ವ್ಯವಹಾರವನ್ನು ಕುರಿತು ವಿದ್ಯಾವಂತ ಮನೆತನಗಳವರು ಆಡುವ ಮಾತು ನನಗೆ ಸರಿದೋರದು. “ಸರ್ಕಾರವು ಅದನ್ನು ನಿಷೇಧಿಸತಕ್ಕದ್ದು” ಎಂಬುವರು ಕೆಲವರು, “ಕಾಲವೇ ಹೀಗಿದೆ, ಮಕ್ಕಳ ಸಂತೋಷಕ್ಕೆ ನಾವೇಕೆ ಅಡ್ಡಬರಬೇಕು?” ಎಂಬುವರು ಹಲವರು. ಇಬ್ಬರೂ ತಪ್ಪನ್ನು ತಮ್ಮ ಹೊಸ್ತಿಲಿನಾಚೆಗೆ ದೂಡುವವರೇ ಎಂಬುದು ನನ್ನ ಅಭಿಪ್ರಾಯ.

ಕಳೆದ ವೈಶಾಖದಲ್ಲಿ ಬಂಧುಗಳೊಬ್ಬರ ಮಗಳ ಮದುವೆಗೆಂದು ಭದ್ರಾವತಿಗೆ ಹೋಗಿದ್ದೆನು. ಹಿಂದಿನ ಸಂಜೆ ಆರತಕ್ಷತೆ. ವೇದಿಕೆಯ ಎಡಬಲಗಳಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳು. ಒಂದು ಹಾಡಿನ ಪಲ್ಲವಿ ಮುಗಿಯುವುದರೊಳಗೆ ಮತ್ತೊಂದರ ಆರಂಭ. ಎಂಬತ್ತನ್ನು ದಾಟಿದ ಹೆಣ್ಣಿನ ಅಜ್ಜಿ, ಆರತಿಯೆತ್ತುವಾಗ ಹಾಡುವ ತಮ್ಮ ತಾಯಿಯ ಕಾಲದ ಹಾಡೊಂದನ್ನು ತಿಂಗಳಿನಿಂದ ನೆನಪುಮಾಡಿಕೊಂಡು ಸಿದ್ಧರಾಗಿದ್ದರು. ಎರಡು ಸಲ ಬಾಯ್ದೆರೆದರು. ಪಕ್ಕದಲ್ಲಿ ಕುಳಿತಿದ್ದ ನನಗೇ ಕೇಳಿಸಲಿಲ್ಲ. ಮೂರನೆಯ ಸಲ ಅವರು ಬಾಯ್ದೆರೆಯಲಿಲ್ಲ. ಸೆರಗಿನಿಂದ ಕನ್ನಡಕವನ್ನೊರಸಿಕೊಂಡು ಸುಮ್ಮನಾದರು. ಆ ಹಾಡನ್ನು ಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ.

ಕೋಪದಿಂದೆದ್ದು ಯಂತ್ರದ ಬಳಿಗೆ ಹೋದೆನು. ನೋಡಿದರೆ, ನನ್ನಲ್ಲಿ ಓದಿದ ಹುಡುಗ! “ಮೇಷ್ಟ್ರೇ, ನೀವಾ?” ಎಂದು ಎದ್ದು ನಿಂತು ಧ್ವನಿಯನ್ನಿಳಿಸಿದನು. ಬಿಡುವಿನಲ್ಲಿ ನೀನೇನನ್ನು ಕೇಳುತ್ತೀಯೆಂದೆನು. ‘ಕಾಡು ಕುದುರೆ’ಯ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದು 2022ರಲ್ಲಿ ಗತಿಸಿದ ನಮ್ಮ ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆಗಳನ್ನೆಂದನು! “ನನಗೆ ಇಷ್ಟವಾದದ್ದನ್ನು ಹಾಕಲು ಯಾರೂ ದುಡ್ಡು ಕೊಡುವುದಿಲ್ಲ, ಮೇಷ್ಟ್ರೇ. ಮೊದಲು ಹಿರಿಯರಿಗೆಂದು ರಾಜಕುಮಾರ್ ಹಾಡು. ಆಮೇಲೆ ಹುಡುಗರ ಕಾಲು ನೋಡಿಕೊಂಡು ವೇಗ ಏರಿಸುತ್ತೇನೆ. ಸದ್ದು ಇಳಿಸಿದರೆ ಮನೆಯವರೇ ಬಂದು ‘ಕೊಟ್ಟ ದುಡ್ಡಿಗೆ ಇಷ್ಟೇನಾ?’ ಅನ್ನುತ್ತಾರೆ. ಆರತಿ ಹಾಡು ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ!” ಎಂದವನೇ ಯಂತ್ರವನ್ನು ನಿಲ್ಲಿಸಿ ಅಜ್ಜಿಯ ಬಳಿಗೆ ಹೋಗಿ ಹಾಡಬೇಕೆಂದು ಬೇಡಿದನು. “ಬೇಡ ಮಗಾ, ಆರತಿ ಆಗಿಹೋಯಿತು” ಎಂದರು ಅವರು.

ಆದಕಾರಣ ದೋಷವು ಆ ಹುಡುಗನ ರುಚಿಯಲ್ಲಿಲ್ಲ. ಔಚಿತ್ಯವೇ ಕಾವ್ಯದ ಜೀವವೆಂದು 11ನೆಯ ಶತಮಾನದಲ್ಲಿ ಕ್ಷೇಮೇಂದ್ರನು ಸಾಧಿಸಿದನಷ್ಟೆ. ಸಭೆಯ ಮುಖವನ್ನು ನೋಡಿ ಹಾಡನ್ನಾರಿಸುವವನು ಔಚಿತ್ಯದ ಅರ್ಧವನ್ನು ಬಲ್ಲವನೇ. ಯಾವಾಗ ಸುಮ್ಮನಿರಬೇಕೆಂಬ ಉಳಿದರ್ಧವನ್ನು ಅವನಿಗೆ ತಿಳಿಸಬೇಕಾದವರು ಮನೆಯ ಯಜಮಾನರು. ಅವರು ಊಟದ ಪಟ್ಟಿಯನ್ನು ಹತ್ತು ಸಲ ತಿದ್ದಿದರು. ಹಾಡಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

“ಓಲಗವೂ ಕಿವಿಗಡಚಿಕ್ಕುತ್ತಿರಲಿಲ್ಲವೆ?” ಎಂದು ಪೂರ್ವಪಕ್ಷಿಗಳು ಕೇಳಬಹುದು. ಹೌದು. ಆದರೆ ಗಟ್ಟಿಮೇಳವು ಮುಹೂರ್ತದ ಗಳಿಗೆಯಲ್ಲಿ ಅಪಶಕುನದ ಸದ್ದು ಕಿವಿಗೆ ಬೀಳದಿರಲೆಂದು ಏಳುವುದು. ಪುರೋಹಿತರು ಕೈಯೆತ್ತಿದೊಡನೆ ನಿಲ್ಲುವುದು. ಓಲಗದವನಿಗೆ ಉಸಿರು ಉಂಟು, ಉಸಿರಿಗೆ ದಣಿವುಂಟು. ಆ ದಣಿವಿನ ನಡುವೆ ಹೆಂಗಸರು ಹಾಡುತ್ತಿದ್ದರು. ಯಂತ್ರಕ್ಕೆ ದಣಿವಿಲ್ಲ. ಆದರೂ ಸತ್ಯವನ್ನು ಮರೆಮಾಚಲಾಗದು: ಓಲಗದವನನ್ನು ನಾವು ಮೂಲೆಯಲ್ಲಿ ಕೂರಿಸಿ ಕಡೆಯ ಪಂಕ್ತಿಯಲ್ಲಿ ಉಣಿಸಿದೆವು. ಹಳೆಯದನ್ನು ಹೊಗಳುವವರು ಇದನ್ನೂ ನೆನೆಯಬೇಕು.

ಇನ್ನು, ಅಜ್ಜಿಯ ಹಾಡು ಹೋದರೆ ಹೋಗಲಿ, ಮಂತ್ರವೊಂದಿದ್ದರೆ ಸಾಕೆಂಬ ಪಂಡಿತರೂ ಉಂಟು. ಅವರು ಆಪಸ್ತಂಬರ ಗೃಹ್ಯಸೂತ್ರವನ್ನು ಮತ್ತೊಮ್ಮೆ ತೆರೆಯಲಿ. ವಿವಾಹದಲ್ಲಿ ಆಚಾರಸಿದ್ಧವಾದ ಕ್ರಿಯೆಗಳನ್ನು ಸ್ತ್ರೀಯರಿಂದಲೇ ತಿಳಿದುಕೊಳ್ಳಬೇಕೆಂಬುದು ಸೂತ್ರಕಾರರ ವಿಧಿ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೆಣ್ಣೊಪ್ಪಿಸುವ ಹಾಡು, ಇವು ಮದುವೆಗೆ ಅಂಟಿಸಿದ ಅಲಂಕಾರಗಳಲ್ಲ. ಶಾಸ್ತ್ರವೇ ಹೆಂಗಸರ ಕೈಯಲ್ಲಿಟ್ಟ ಭಾಗಗಳು. ಇವುಗಳಲ್ಲಿ ಬಹುಪಾಲು ಬರಹದಲ್ಲಿಲ್ಲ, ಬಾಯಲ್ಲಿವೆ. ಮದುವೆಯಲ್ಲಿ ಹಾಡದೆಹೋದರೆ ಅವನ್ನು ಮೊಮ್ಮಗಳು ಬೇರೆಲ್ಲಿ ಕಲಿತಾಳು?

ಕಾನೂನಿನಿಂದ ಇದು ಪರಿಹಾರವಾಗುವುದೆಂಬ ಭ್ರಾಂತಿಯೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲಿನಲ್ಲಿ 55, ಇರುಳಿನಲ್ಲಿ 45 ಡೆಸಿಬೆಲ್‌ಗಳ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದೆಂದಿವೆ. ಇವು ನೆರೆಯವರ ನಿದ್ರೆಯನ್ನು ಕಾಯುವ ನಿಯಮಗಳು. ಮಂದಿರದ ಒಳಗೆ ಸಂಜೆ 7 ಗಂಟೆಗೆ ಬಾಯ್ದೆರೆದ ಅಜ್ಜಿಯನ್ನು ಕಾಯುವ ನಿಯಮವೆಲ್ಲಿದೆ? ಕಿವಿಯ ಕ್ಷೇಮವನ್ನೂ ನಾವೇ ನೋಡಿಕೊಳ್ಳಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗಿ 100ಕ್ಕೆ ಕಾಲು ಗಂಟೆಯಷ್ಟೇ ಉಳಿಯುವುದೆಂಬುದು ತಜ್ಞರ ಲೆಕ್ಕ. ಯಂತ್ರಗಳ ಬಳಿ ದುಡಿದವರ ಕಿವಿ ಏನಾಗುವುದೆಂಬುದನ್ನು ಕಾರ್ಖಾನೆಯ ಊರಾದ ಭದ್ರಾವತಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ತೊಟ್ಟಿಲ ಕೂಸುಗಳನ್ನು ಆ ಪೆಟ್ಟಿಗೆಗಳ ಮುಂದೆ ಮೂರು ಗಂಟೆ ಕೂರಿಸುತ್ತೇವೆ!

ನನ್ನ ಸಿದ್ಧಾಂತವಿಷ್ಟೇ. ಡಿ.ಜೆ.ಯವನನ್ನು ಗೊತ್ತುಮಾಡುವ ದಿನವೇ ಮನೆಯ ಹಿರಿಯ ಹೆಂಗಸರನ್ನು ಮುಂದೆ ಕೂರಿಸಿ, ಯಾವ ಶಾಸ್ತ್ರಕ್ಕೆ ಯಾವ ಹಾಡು, ಅದೆಷ್ಟು ಹೊತ್ತು ಎಂಬುದನ್ನು ಅವರ ಬಾಯಿಂದ ಬರೆಸಿ ಅವನ ಕೈಗೆ ಕೊಡಿರಿ. ಆ ಹೊತ್ತಿನಲ್ಲಿ ಯಂತ್ರವು ಪೂರಾ ನಿಲ್ಲಲಿ. ಉಳಿದ ಹೊತ್ತಿನಲ್ಲಿ ಹುಡುಗರು ಮನಸಾರೆ ಕುಣಿಯಲಿ. ನಾನೂ ಕುಳಿತು ನೋಡುವೆನು. ಸದ್ದನ್ನಿಳಿಸಿದ್ದಕ್ಕಾಗಿ ಕೂಲಿಯನ್ನು ಕಡಿಯದಿರಿ. ಮತ್ತು ಆ ಹುಡುಗನಿಗೂ ಬೀಗರ ಪಂಕ್ತಿಯಲ್ಲೇ ಒಂದು ಎಲೆ ಹಾಕಿರಿ.

ಇಷ್ಟನ್ನು ಮಾಡಲು ಸರ್ಕಾರದ ಆಜ್ಞೆ ಬೇಡ. ಮುಂದಿನ ಲಗ್ನದ ಕಾಲ ಬರುವವರೆಗೆ ಆ ಅಜ್ಜಿಯರು ನಮ್ಮೊಡನಿರಲೆಂಬ ಪ್ರಾರ್ಥನೆಯೊಂದು ಮಾತ್ರ ಬೇಕು.